ಕತ್ತಲಿಗೂ ಒಂದಿಷ್ಟು ಜಾಗ ಕೊಡಿ

ಮಕ್ಕಳೇ, ರಾತ್ರಿ ಒಂದು ಗಂಟೆಯಾದರೂ ನಿಮ್ಮ ಕೋಣೆಯ ಬಾಗಿಲ ಸಂದಿಯಲ್ಲಿ ಬೆಳಕು ಕಾಣುತ್ತದೆ. ಬೆಳಿಗ್ಗೆ ಕೇಳಿದರೆ ನಿದ್ದೆಯೇ ಬರಲಿಲ್ಲ ಅನ್ನುತ್ತೀರಿ. ನಿಮ್ಮ ಮಾತನ್ನು ನಂಬುತ್ತೇನೆ. ಆದರೆ ನಿದ್ದೆಗೆ ಮೈ ಅಣಿಯಾಗುವ ಕೆಲಸ ಹಗಲಲ್ಲೇ ಶುರುವಾಗಿರುತ್ತದೆ, ಅದನ್ನು ತಿಳಿದುಕೊಳ್ಳಿ.

ಮಿದುಳಿನ ನಡುವೆ ಪೀನಿಯಲ್ ಎಂಬ ಪುಟ್ಟ ಗ್ರಂಥಿಯಿದೆ. ಇರುಳಲ್ಲಿ ಮೆಲಟೋನಿನ್ ಎಂಬ ಹಾರ್ಮೋನು ಸ್ರವಿಸಿ, ರಾತ್ರಿಯಾಯಿತೆಂದು ಮೈಗೆಲ್ಲ ಸುದ್ದಿ ಮುಟ್ಟಿಸುವುದು ಅದೇ. 1970ರಲ್ಲಿ ನೊಬೆಲ್ ಪಡೆದ ಅಮೆರಿಕದ ವಿಜ್ಞಾನಿ ಜೂಲಿಯಸ್ ಆಕ್ಸೆಲ್‌ರಾಡ್, ಆ ಮೇಲೂ ಪ್ರಯೋಗಾಲಯ ಬಿಡದೆ, ಸಂಗಡಿಗರೊಂದಿಗೆ ಇಲಿಗಳಲ್ಲಿ ಈ ಗ್ರಂಥಿಯ ಅಧ್ಯಯನ ಮಾಡಿದರು. ಅವರು ಕಂಡದ್ದಿಷ್ಟು: ಹಗಲಿನ ಬೆಳಕಲ್ಲಿ ಅದಕ್ಕೆ ನರದಿಂದ ಬರುವ ರಾಸಾಯನಿಕವಾದ ನಾರ್‌ಅಡ್ರಿನಲಿನ್ ಕಡಿಮೆ. ಆಗ ಅದನ್ನು ಹಿಡಿಯುವ ಗ್ರಾಹಕಗಳು ಹೆಚ್ಚುತ್ತಾ ಹೋಗಿ, ಸಂಜೆಯ ಹೊತ್ತಿಗೆ ಗ್ರಂಥಿ ಬಾಯಾರಿದ ನೆಲದಂತೆ ಕಾದಿರುತ್ತದೆ. ಕತ್ತಲಾಗಿ ನಾರ್‌ಅಡ್ರಿನಲಿನ್ ಸುರಿದಾಗ ಮೆಲಟೋನಿನ್ ತಯಾರಿ ಏರುತ್ತದೆ. ಬೆಳಗಾಗುವಷ್ಟರಲ್ಲಿ ಗ್ರಾಹಕಗಳು ಮತ್ತೆ ಇಳಿದಿರುತ್ತವೆ. ನಡುರಾತ್ರಿ ದೀಪ ಹಾಕಿದರೆ? ಮೆಲಟೋನಿನ್ ತಯಾರಿಗೆ ಬೇಕಾದ ಕಿಣ್ವದ ಚಟುವಟಿಕೆ ಕೆಲವೇ ನಿಮಿಷಗಳಲ್ಲಿ ಅರ್ಧಕ್ಕೆ ಕುಸಿಯುತ್ತದೆಂದು 1972ರಲ್ಲೇ ಇಲಿಗಳಲ್ಲಿ ಕಂಡಿತ್ತು.

ಇಲಿಯ ಲೆಕ್ಕವನ್ನೆಲ್ಲ ಮನುಷ್ಯರಿಗೆ ಹಾಗೆಯೇ ಒಪ್ಪಿಸಬಾರದು, ನಿಜ. ಆದರೆ ರಾತ್ರಿಯ ಪ್ರಖರ ಬೆಳಕು ನಮ್ಮಲ್ಲೂ ಮೆಲಟೋನಿನ್ ಅಡಗಿಸುತ್ತದೆಂದು 1980ರಲ್ಲಿ ಸಂಶೋಧಕರು ತೋರಿಸಿದರು. ನೀಲಿ ಬೆಳಕಿಗೆ ಆ ಶಕ್ತಿ ಹೆಚ್ಚೆಂದು 2001ರಲ್ಲಿ ಗೊತ್ತಾಯಿತು. ನಿಮ್ಮ ಕೈಯಲ್ಲಿರುವ ಮೊಬೈಲಿನ ಪರದೆಯಲ್ಲಿ ಅದೇ ಬೆಳಕಿದೆ.

ನಾವು ಲಾಟೀನಿನ ಹೊಗೆಯಲ್ಲಿ ಓದಿ ಕಣ್ಣು ಉರಿಸಿಕೊಂಡವರು. ಆ ಕಾಲವನ್ನು ಹೊಗಳಲಾರೆ. ಆದರೂ ಹಗಲೆಲ್ಲ ಗದ್ದೆ, ಬೀದಿ, ಬಯಲು ಎಂದು ಬಿಸಿಲಲ್ಲಿರುತ್ತಿದ್ದೆವು. ದೀಪ ಆರಿಸಿದರೆ ನಿಜವಾದ ಕತ್ತಲು. ನಿಮ್ಮಲ್ಲಿ ಎಷ್ಟೋ ಮಂದಿಗೆ ಈಗ ಹಗಲೂ ಮಂದ, ರಾತ್ರಿಯೂ ಮಂದ. ಪರದೆ ಎಳೆದ ಕೋಣೆಯಿಂದ ಬಸ್ಸು, ಬಸ್ಸಿನಿಂದ ಟ್ಯೂಬ್‌ಲೈಟಿನ ಕೆಳಗೆ. ನನಗೆ ದಿಗಿಲಾಗುವುದು ಇದಕ್ಕೇ.

ಬೆಳಿಗ್ಗೆ ಎದ್ದೊಡನೆ ಮನೆಯಿಂದ ಹೊರಗೆ ಬನ್ನಿ. ಕಾಫಿ ಲೋಟವನ್ನು ಜಗಲಿಗೋ ತಾರಸಿಗೋ ಒಯ್ಯಿರಿ. ರಾತ್ರಿ ಊಟವಾದ ಮೇಲೆ ದೊಡ್ಡ ದೀಪ ಆರಿಸಿ, ಹಳದಿ ಬಣ್ಣದ ಸಣ್ಣದೊಂದು ಸಾಕು. ಮೊಬೈಲನ್ನು ಬೇರೆ ಕೋಣೆಯಲ್ಲೇ ಚಾರ್ಜಿಗೆ ಹಾಕಿ. ಪರೀಕ್ಷೆ ಹತ್ತಿರವಾದರೆ ಬೆಳಿಗ್ಗೆ ಬೇಗ ಎದ್ದು ಓದಿ. ಹೊಟ್ಟೆಪಾಡಿಗೆ ರಾತ್ರಿ ಪಾಳಿ ಮಾಡುವವರಿಗೆ ಇದೆಲ್ಲ ಆಗದೆಂದು ಬಲ್ಲೆ. ನೀವು ಹಗಲು ಮಲಗುವ ಕೋಣೆಗೆ ದಪ್ಪ ಪರದೆ ಹಾಕಿಸಿಕೊಳ್ಳಿ, ಆ ಹೊತ್ತಲ್ಲಿ ಎಬ್ಬಿಸಬೇಡಿರೆಂದು ಮನೆಯವರಿಗೆ ಸ್ಪಷ್ಟವಾಗಿ ಹೇಳಿಬಿಡಿ.