ಗೇರು ಬದಲಿಸಲು ಸರಿಯಾದ ಸಮಯ ಯಾವುದು?

ಬೇಸಿಗೆಯ ರಜೆ ಬಂತೆಂದರೆ ಮುಂಬಯಿ, ಪುಣೆಗಳಲ್ಲಿ ನೆಲೆಸಿದ ಅನೇಕ ಕನ್ನಡಿಗ ಕುಟುಂಬಗಳು ಸ್ವಂತ ಕಾರಿನಲ್ಲಿಯೇ ಊರಿನ ಹಾದಿ ಹಿಡಿಯುತ್ತವೆ. ಹೆದ್ದಾರಿಯನ್ನು ಬಿಟ್ಟು ಊರಿನತ್ತ ತಿರುಗಿದ ಮೇಲೆ ರಸ್ತೆ ಬಹುಮಟ್ಟಿಗೆ ಎರಡೇ ಪಥದ್ದು. ಅಲ್ಲಿ ಮುಂದೆ ನಿಧಾನವಾಗಿ ಸಾಗುವ ಲಾರಿಯನ್ನು ದಾಟಬೇಕಾದರೆ ಎದುರು ವಾಹನಗಳ ಪಥಕ್ಕೆ ಹೋಗದೆ ವಿಧಿಯಿಲ್ಲ. ಆ ಪಥದಲ್ಲಿ ಕಳೆಯುವ ಪ್ರತಿಯೊಂದು ಸೆಕೆಂಡೂ ಅಪಾಯದ್ದೇ. ಆದುದರಿಂದ ಕಾರು ಯಾವ ಗೇರಿನಲ್ಲಿ ಅತಿ ಶೀಘ್ರವಾಗಿ ವೇಗ ಪಡೆಯುತ್ತದೆ, ಗೇರನ್ನು ಯಾವಾಗ ಬದಲಿಸಬೇಕು ಎಂಬುದು ಕೇವಲ ಕುತೂಹಲದ ವಿಷಯವಲ್ಲ, ಪ್ರಾಣರಕ್ಷಣೆಯ ವಿಷಯ.

ಎಂಜಿನ್ನಿನ ತಿರುಗಿಸುವ ಬಲಕ್ಕೆ ಟಾರ್ಕ್ ಎಂದು ಹೆಸರು. ಇದನ್ನು ನ್ಯೂಟನ್-ಮೀಟರುಗಳಲ್ಲಿ ಅಳೆಯುತ್ತಾರೆ. ಗೇರುಪೆಟ್ಟಿಗೆಯು ಈ ಬಲವನ್ನು ಗೇರಿನ ಅನುಪಾತಕ್ಕೆ ತಕ್ಕಂತೆ ಗುಣಿಸಿ ಗಾಲಿಗಳಿಗೆ ಕೊಡುತ್ತದೆ. ಇದು ಸನ್ನೆಗೋಲಿನ ತತ್ತ್ವವೇ. ಉದ್ದನೆಯ ಗೋಲಿನಿಂದ ದೊಡ್ಡ ಬಂಡೆಯನ್ನು ಮೀಟಬಹುದು, ಆದರೆ ಬಂಡೆ ಮೇಲೇಳುವುದು ಸ್ವಲ್ಪವೇ. ಅಂತೆಯೇ ಕೆಳಗಿನ ಗೇರಿನಲ್ಲಿ ಬಲ ಹೆಚ್ಚು, ವೇಗದ ಮಿತಿ ಕಡಿಮೆ. ಮೇಲಿನ ಗೇರಿನಲ್ಲಿ ಇದಕ್ಕೆ ವಿಪರೀತ.

ಎಂಜಿನ್ನಿನ ಟಾರ್ಕ್ ಗರಿಷ್ಠ ಮಟ್ಟ ಮುಟ್ಟಿದೊಡನೆ ಗೇರು ಬದಲಿಸಬೇಕೆಂಬ ನಂಬಿಕೆ ಹಲವರಲ್ಲಿದೆ. ಇದು ಸರಿಯಲ್ಲ. ಒಂದು ಕಲ್ಪಿತ ಪೆಟ್ರೋಲ್ ಕಾರಿನ ಲೆಕ್ಕವನ್ನು ನೋಡಬಹುದು. ಅದರ ಟಾರ್ಕ್ ನಿಮಿಷಕ್ಕೆ 4000 ಸುತ್ತುಗಳಲ್ಲಿ ಗರಿಷ್ಠ, ಅಂದರೆ 110; 6000 ಸುತ್ತುಗಳಲ್ಲಿ 95. ಎರಡನೆಯ ಗೇರಿನ ಅನುಪಾತ 1.9, ಮೂರನೆಯದು 1.3. ಎರಡನೆಯ ಗೇರಿನಲ್ಲಿ 6000 ಸುತ್ತು ಮುಟ್ಟಿದಾಗ 95ನ್ನು 1.9ರಿಂದ ಗುಣಿಸಿದರೆ ಸುಮಾರು 180. ಅದೇ ವೇಗದಲ್ಲಿ ಮೂರನೆಯ ಗೇರಿಗೆ ಬಂದರೆ ಎಂಜಿನ್ ಸುಮಾರು 4100 ಸುತ್ತುಗಳಿಗೆ ಇಳಿಯುತ್ತದೆ. ಅಲ್ಲಿ ಟಾರ್ಕ್ ಗರಿಷ್ಠವಾಗಿದ್ದರೂ 110ನ್ನು 1.3ರಿಂದ ಗುಣಿಸಿದರೆ ಬರುವುದು 143 ಮಾತ್ರ. ಎಂಜಿನ್ನಿನ ಟಾರ್ಕ್ ಕುಗ್ಗಿದ್ದರೂ ಗಾಲಿಗೆ ಸಿಗುವ ಬಲ ಎರಡನೆಯ ಗೇರಿನಲ್ಲಿಯೇ ಹೆಚ್ಚು!

ಇದರಿಂದ ಹೊರಡುವ ನಿಯಮ ಸರಳ. ಈಗಿನ ಗೇರು ಗಾಲಿಗೆ ಕೊಡುವ ಬಲವು ಮುಂದಿನ ಗೇರು ಕೊಡಬಲ್ಲ ಬಲಕ್ಕೆ ಸಮನಾಗುವವರೆಗೆ ಗೇರು ಬದಲಿಸಬಾರದು. ಅಷ್ಟರೊಳಗೆ ಎಂಜಿನ್ನಿನ ಸುತ್ತುಗಳ ಮಿತಿ ಬಂದರೆ ಅದಕ್ಕೆ ತುಸು ಮುಂಚೆ ಬದಲಿಸಬೇಕು. ಬಹಳಷ್ಟು ಪೆಟ್ರೋಲ್ ಕಾರುಗಳಲ್ಲಿ ಈ ಘಟ್ಟ ಬರುವುದು ಸುತ್ತುಮಾಪಕದ ಕೆಂಪು ಗೆರೆಯ ಸಮೀಪದಲ್ಲಿ. ಡೀಸೆಲ್ ಎಂಜಿನ್ನುಗಳ ಬಲ ಬೇಗನೆ ಕುಸಿಯುವುದರಿಂದ ಸಾಮಾನ್ಯವಾಗಿ 4000 ಸುತ್ತುಗಳ ಆಸುಪಾಸಿನಲ್ಲಿ ಬದಲಿಸುವುದು ಲೇಸು.

ಇನ್ನು ಲಾರಿಯ ವಿಚಾರ. ಅದು ಗಂಟೆಗೆ 36 ಕಿಲೋಮೀಟರ್ ವೇಗದಲ್ಲಿದೆ, ಹಿಂದಿರುವ ಕಾರೂ ಅದೇ ವೇಗದಲ್ಲಿದೆ ಎಂದಿಟ್ಟುಕೊಳ್ಳೋಣ. ದಾಟಿ ತನ್ನ ಪಥಕ್ಕೆ ಮರಳಲು ಕಾರು ಲಾರಿಗಿಂತ 40 ಮೀಟರ್ ಹೆಚ್ಚು ಸಾಗಬೇಕು. ಎರಡನೆಯ ಗೇರಿನಲ್ಲಿ ಕಾರಿನ ವೇಗ ಪ್ರತಿ ಸೆಕೆಂಡಿಗೆ 2 ಮೀಟರಿನಷ್ಟು ಏರಿದರೆ ಬೇಕಾಗುವ ಕಾಲ ಸುಮಾರು 6.3 ಸೆಕೆಂಡು. ಮೂರನೆಯದರಲ್ಲಿ 1.3 ಮೀಟರಿನಷ್ಟು ಮಾತ್ರ ಏರಿದರೆ 7.8 ಸೆಕೆಂಡು. ಈ ಒಂದೂವರೆ ಸೆಕೆಂಡಿನಲ್ಲಿ, ಗಂಟೆಗೆ 60 ಕಿಲೋಮೀಟರ್ ವೇಗದ ಎದುರು ವಾಹನ 25 ಮೀಟರ್ ಹತ್ತಿರ ಬಂದಿರುತ್ತದೆ.

ಆದುದರಿಂದ ಗೇರನ್ನು ಪಥ ಬಿಡುವ ಮೊದಲೇ ಆರಿಸಿಕೊಳ್ಳತಕ್ಕದ್ದು. ಲಾರಿಯ ಪಕ್ಕದಲ್ಲಿರುವಾಗ ಕ್ಲಚ್ ಒತ್ತಿದರೆ, ಅಷ್ಟು ಹೊತ್ತು ಗಾಲಿಗೆ ಬಲವೇ ಇರುವುದಿಲ್ಲ. ಮನೆಮಂದಿಯೂ ಉಪ್ಪಿನಕಾಯಿ ಭರಣಿಗಳೂ ತುಂಬಿದ ಕಾರು, ಒಬ್ಬರೇ ಕುಳಿತ ಕಾರಿನಂತೆ ಚುರುಕಾಗಿ ಓಡದೆಂಬುದನ್ನೂ ಮರೆಯಬಾರದು.

ಕೆಲವು ಎಚ್ಚರಿಕೆಗಳು ಅವಶ್ಯ. ಎಂಜಿನ್ ಬಿಸಿಯಾಗುವ ಮುನ್ನ ಅದನ್ನು ಮಿತಿಯವರೆಗೆ ಓಡಿಸಬಾರದು. ಹೆಚ್ಚಿನ ವೇಗದಲ್ಲಿ ತೀರ ಕೆಳಗಿನ ಗೇರಿಗೆ ಇಳಿಸಿದರೆ ಎಂಜಿನ್ ಮಿತಿಮೀರಿ ತಿರುಗಿ ಕೆಡಬಹುದು. ನಿತ್ಯದ ನಗರಸಂಚಾರದಲ್ಲಿ ಬೇಗನೆ ಮೇಲಿನ ಗೇರಿಗೆ ಹೋಗುವುದರಿಂದಲೇ ಇಂಧನದ ಉಳಿತಾಯ. ತಿರುವಿನಲ್ಲಿ, ಸೇತುವೆಯ ಮೇಲೆ, ದಿಣ್ಣೆಯ ನೆತ್ತಿಯಲ್ಲಿ, ಎದುರಿನ ರಸ್ತೆ ಕಾಣದ ಕಡೆಯಲ್ಲಿ ಯಾವ ಗೇರೂ ರಕ್ಷಿಸಲಾರದು. ಅಲ್ಲಿ ಲಾರಿಯ ಹಿಂದೆ ತಾಳ್ಮೆಯಿಂದ ಸಾಗುವುದೇ ಜಾಣತನ. ಊರು ಹತ್ತು ನಿಮಿಷ ತಡವಾಗಿ ಸೇರಿದರೆ ನಷ್ಟವೇನೂ ಇಲ್ಲ.