ಹಿಮದಡಿಯಲ್ಲಿ ಆರು ದಿನ

ನಮ್ಮ ಈಸೂರು, ಶಿಕಾರಿಪುರ, ಸೊರಬದ ಮಕ್ಕಳಿಗೆ ಹಿಮವೆಂಬುದು ಭೂಗೋಳದ ಪುಸ್ತಕದ ಮಾತೇ ಹೊರತು ಕಣ್ಣಾರೆ ಕಂಡ ವಸ್ತುವಲ್ಲ. ಆದರೂ ಕನ್ನಡನಾಡಿನ ಹಳ್ಳಿಯೊಂದರಲ್ಲಿ ಹುಟ್ಟಿದ ಸಿಪಾಯಿಯೊಬ್ಬರು ಹಿಮದಡಿಯಲ್ಲಿ ಆರು ದಿನ ಜೀವ ಹಿಡಿದಿದ್ದ ಸಂಗತಿಯನ್ನು ನಮ್ಮ ಹುಡುಗಿಯರೂ ಅವರ ತಂದೆತಾಯಿಗಳೂ ಅರಿತಿರತಕ್ಕದ್ದು.

ಧಾರವಾಡ ಜಿಲ್ಲೆ ಕುಂದಗೋಳ ತಾಲ್ಲೂಕಿನ ಬೆಟದೂರು ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಇವರ ಹುಟ್ಟೂರು. ಇವರು 2002ನೆಯ ಇಸವಿಯಲ್ಲಿ ದಂಡಿಗೆ ಸೇರಿ, ಮದ್ರಾಸ್ ರೆಜಿಮೆಂಟಿನ 19ನೆಯ ಪಟಾಲಮಿನಲ್ಲಿದ್ದರು. ಹದಿಮೂರು ವರುಷಗಳ ಸೇವೆಯಲ್ಲಿ ಸುಮಾರು ಹತ್ತು ವರುಷಗಳನ್ನು ಕಾಶ್ಮೀರ, ಈಶಾನ್ಯ ಸೀಮೆ ಮೊದಲಾದ ಕಠಿಣ ಸ್ಥಳಗಳಲ್ಲಿಯೇ ಕಳೆದರು. 2015ರಲ್ಲಿ ಇವರ ಪಾಲಿಗೆ ಸಿಯಾಚಿನ್ ಬಂದಿತು.

ಸಿಯಾಚಿನ್ ಸುಮಾರು 76 ಕಿಲೋಮೀಟರ್ ಉದ್ದದ ಹಿಮನದಿ. ಭೂಮಿಯ ಎರಡು ಧ್ರುವಪ್ರದೇಶಗಳನ್ನು ಬಿಟ್ಟರೆ ಇಷ್ಟು ಉದ್ದದ ಹಿಮನದಿಗಳು ಬಹು ವಿರಳ. 1984ರಿಂದ ನಮ್ಮ ಸೈನಿಕರು ಅಲ್ಲಿ ಕಾವಲಿದ್ದಾರೆ. ಹನುಮಂತಪ್ಪನವರ ಠಾಣೆ ಸುಮಾರು 19,600 ಅಡಿ ಎತ್ತರದಲ್ಲಿತ್ತು. ಅಲ್ಲಿ ಚಳಿ ಸೊನ್ನೆಗಿಂತ ನಾಲ್ವತ್ತು ಡಿಗ್ರಿ ಕೆಳಗಿಳಿಯುವುದುಂಟು. ಉಸಿರಾಟಕ್ಕೆ ಗಾಳಿಯೂ ಸಾಲದು.

2016ರ ಫೆಬ್ರುವರಿ 3ರಂದು ಹಿಮದ ಮಹಾರಾಶಿಯೊಂದು ಕುಸಿದು ಠಾಣೆಯ ಹತ್ತು ಮಂದಿಯನ್ನೂ ಮುಚ್ಚಿಬಿಟ್ಟಿತು. ಅವರಲ್ಲಿ ಮೂವರು ಕನ್ನಡನಾಡಿನವರು. ಯಾರೊಬ್ಬರೂ ಉಳಿದಿರಲಾರರೆಂದು ಮರುದಿನವೇ ಸಂತಾಪದ ಮಾತುಗಳು ಹೊರಟವು. ಆದರೆ ಜೊತೆಯ ಸೈನಿಕರು ಅಗೆಯುವುದನ್ನು ನಿಲ್ಲಿಸಲಿಲ್ಲ. ನೂರೈವತ್ತಕ್ಕೂ ಹೆಚ್ಚು ಮಂದಿ ಹಗಲಿರುಳೂ ಕಲ್ಲಿನಂತೆ ಗಟ್ಟಿಯಾದ ಹಿಮವನ್ನು ಯಂತ್ರಗಳಿಂದ ಕೊರೆದರು. ಡಾಟ್, ಮಿಶಾ ಎಂಬ ನಾಯಿಗಳು ವಾಸನೆ ಹಿಡಿದು ನೆರವಾದವು. ಫೆಬ್ರುವರಿ 8ರ ರಾತ್ರಿ ಇಪ್ಪತ್ತೈದು ಅಡಿಗಳಷ್ಟು ಆಳದಲ್ಲಿ ಹನುಮಂತಪ್ಪನವರು ಸಿಕ್ಕಿದರು. ಉಸಿರು ಇನ್ನೂ ಇತ್ತು! ಉಳಿದ ಒಂಭತ್ತು ಮಂದಿ ತೀರಿಹೋಗಿದ್ದರು.

ಮಾರನೆಯ ದಿನ ಇವರನ್ನು ದಿಲ್ಲಿಯ ಸೈನ್ಯದ ಆಸ್ಪತ್ರೆಗೆ ತಂದರು. ದೇಶವೆಲ್ಲ ಪ್ರಾರ್ಥಿಸಿತು. ಆದರೆ ದೇಹ ಬಹಳ ಬಳಲಿತ್ತು. 11ನೆಯ ತಾರೀಖಿನಲ್ಲಿ ಇವರು ಕಾಲವಾದರು. ಮರುದಿನ ಬೆಟದೂರಿನ ಮಣ್ಣು ತನ್ನ ಮಗನನ್ನು ಮಡಿಲಿಗೆ ತೆಗೆದುಕೊಂಡಿತು.

ಹಾಗಾದರೆ ಅಷ್ಟು ಮಂದಿಯ ದುಡಿಮೆ ವ್ಯರ್ಥವಾಯಿತೇ? ಎಂದಿಗೂ ಇಲ್ಲ. ಇವರು ಕತ್ತಲೆಯ ಹಿಮದಲ್ಲಿ ಒಂಟಿಯಾಗಿ ಸಾಯಲಿಲ್ಲ. ಮನೆಯವರು ಬಂದು ಮುಖ ನೋಡಿದರು. ತೊಂಬತ್ತೊಂಬತ್ತು ಕುರಿಗಳನ್ನು ಬಿಟ್ಟು ಒಂದನ್ನು ಹುಡುಕಿದ ಕುರುಬನ ಸಾಮ್ಯವನ್ನು ನಮ್ಮ ವಿದ್ಯಾರ್ಥಿನಿಯರೆಲ್ಲರೂ ಬಲ್ಲರು. ಆ ಕುರುಬನು ಸಿಕ್ಕುವ ಭರವಸೆಯನ್ನು ತೂಗಿನೋಡಿ ಹೊರಡಲಿಲ್ಲ; ಅದು ತನ್ನದೆಂದು ಹೊರಟನು.

ಪ್ರಿಯ ಹಳೆಯ ವಿದ್ಯಾರ್ಥಿನಿಯರೇ, ಬಡತನದಿಂದಲೋ ಬೇಗ ಆದ ಮದುವೆಯಿಂದಲೋ ಓದು ಬಿಟ್ಟ ಹುಡುಗಿಯರು ನಿಮ್ಮ ಬೀದಿಯಲ್ಲಿಯೂ ಇದ್ದಾರು. "ಇವಳ ಓದು ಅಲ್ಲಿಗೆ ತೀರಿತು" ಎಂದು ಹೆತ್ತವರೇ ಅಂದುಬಿಡುವುದುಂಟು. ನೀವು ಹಾಗೆನ್ನಬೇಡಿರಿ. ಒಂದು ಸಲ ಅವಳ ಮನೆಗೆ ಹೋಗಿರಿ. ಆಗದಿದ್ದರೆ ಮತ್ತೊಂದು ಸಲ ಹೋಗಿರಿ. ಮುಚ್ಚಿಹೋದದ್ದರ ಅಡಿಯಲ್ಲಿ ಉಸಿರು ಇದ್ದೀತು.