ತಗಡು ಸರಿಯಿದ್ದರೂ ಸಂದು ಸೋರುತ್ತದೆ

‘ಸರ್, ತಗಡು ಎಷ್ಟು ದಪ್ಪ ಇರಬೇಕು?’ ವಿದ್ಯುತ್ಕಾಂತೀಯ ಅಲೆಗಳನ್ನು ಲೋಹದಿಂದ ತಡೆಯುವ ಶೀಲ್ಡಿಂಗ್ ವಿಷಯ ಬಂದಾಗ ಹೊಸ ಎಂಜಿನಿಯರುಗಳು ಮೊದಲು ಕೇಳುವುದು ಇದನ್ನೇ. ರೇಡಿಯೊ ಆವರ್ತನಗಳ ಮಟ್ಟಿಗೆ ದಪ್ಪದ ಚಿಂತೆ ಬೇಕಿಲ್ಲ. 1 ಮೆಗಾಹರ್ಟ್ಸ್‌ನಲ್ಲಿ ತಾಮ್ರದ ಸ್ಕಿನ್ ಡೆಪ್ತ್ ಸುಮಾರು 66 ಮೈಕ್ರಾನ್. ಅಷ್ಟು ಆಳ ಇಳಿಯುವಷ್ಟರಲ್ಲೇ ಅಲೆಯ ಬಲ ಶೇ 37ಕ್ಕೆ ಕುಗ್ಗಿರುತ್ತದೆ. 50 ಹರ್ಟ್ಸ್‌ನ ಕಾಂತಕ್ಷೇತ್ರದ ಮಾತು ಬೇರೆ. ಅಲ್ಲಿ ಅದೇ ಲೆಕ್ಕ 9 ಮಿಲಿಮೀಟರ್ ದಾಟುತ್ತದೆ, ಆಗ ಉಕ್ಕೋ ಮ್ಯೂಮೆಟಲ್ಲೋ ಬೇಕು.

ಸೋರುವುದು ಸಂದುಗಳಲ್ಲಿ. ಒಮ್ಮೆ ಒಂದು ಕಂಟ್ರೋಲರ್ ಪೆಟ್ಟಿಗೆಯಿಂದ ಹೊರಬರುವ ರೇಡಿಯೊ ಸದ್ದು ಟೆಸ್ಟ್ ಚೇಂಬರ್‌ನಲ್ಲಿ 900 ಮೆಗಾಹರ್ಟ್ಸ್ ಆಸುಪಾಸಿನಲ್ಲಿ ಮಿತಿ ಮೀರಿತ್ತು. ಮುಚ್ಚಳ ಬಿಚ್ಚಿದೆವು. ಅಂಚಿನ ಮೇಲೂ ಮುಚ್ಚಳದ ಒಳಬದಿಗೂ ಅಚ್ಚುಕಟ್ಟಾದ ಪೌಡರ್ ಕೋಟಿಂಗ್. ಲೋಹಕ್ಕೆ ಲೋಹ ತಾಗುತ್ತಿದ್ದದ್ದು ಸ್ಕ್ರೂ ಇದ್ದ ಕಡೆ ಮಾತ್ರ. ಎರಡು ಸ್ಕ್ರೂಗಳ ನಡುವೆ ಹೆಚ್ಚುಕಡಿಮೆ ಒಂದು ಗೇಣು. ಆ ಆವರ್ತನದಲ್ಲಿ ಅರ್ಧ ತರಂಗಾಂತರ ಸುಮಾರು 17 ಸೆಂಟಿಮೀಟರ್. ಹಾಗಾಗಿ ಕೂದಲೆಳೆಯಷ್ಟು ತೆಳುವಾದ ಆ ಸಂದು ಒಳ್ಳೆಯ ಆಂಟೆನಾ ಆಗಿ ಕುಳಿತಿತ್ತು. ಮರಳು ಕಾಗದದಿಂದ ಅಂಚನ್ನು ಹೊಳೆಯುವ ತನಕ ಉಜ್ಜಿ, ವಿದ್ಯುತ್ ಹರಿಯುವ ಗ್ಯಾಸ್ಕೆಟ್ ಕೂರಿಸಿ, ಸ್ಕ್ರೂ ಬಿಗಿದೆವು. ಸ್ಪೆಕ್ಟ್ರಮ್ ಅನಲೈಜರ್ ಪರದೆಯಲ್ಲಿ ಆ ಗೆರೆ ಮಿತಿಯ ಕೆಳಗೆ ಇಳಿಯಿತು. ಸಂದಿನ ಅಗಲಕ್ಕಿಂತ ಉದ್ದವೇ ಹೆಚ್ಚು ಕಾಡುತ್ತದೆ. ಗಾಳಿಯಾಡಲು ಒಂದು ಉದ್ದನೆಯ ಸೀಳಿಗಿಂತ ಹತ್ತಾರು ಸಣ್ಣ ದುಂಡು ತೂತುಗಳು ಮೇಲು ಅನ್ನುವುದೂ ಇದಕ್ಕೇ.

ಇನ್ನು ಈ ತಡೆಯನ್ನು ಅಳೆಯುವ ಡೆಸಿಬಲ್. ಕ್ಷೇತ್ರದ ಬಲ ಹತ್ತನೇ ಒಂದಾದರೆ 20, ನೂರನೇ ಒಂದಾದರೆ 40, ಸಾವಿರದಲ್ಲಿ ಒಂದಾದರೆ 60. ಮಾರಾಟದ ಹಾಳೆಯಲ್ಲಿ ‘80 ಡೆಸಿಬಲ್’ ಎಂದು ದಪ್ಪಕ್ಷರದಲ್ಲಿ ಕಂಡರೆ ನಾನು ಕೇಳುವುದು ಎರಡೇ: ಯಾವ ಆವರ್ತನದಲ್ಲಿ? ಯಾವ ಮಾನದಂಡದ ಪ್ರಕಾರ? ಎಎಸ್‌ಟಿಎಂ ಡಿ4935 ಅಳೆಯುವುದು ಚಪ್ಪಟೆ ಹಾಳೆಯ ತುಂಡನ್ನು, ಅದೂ 30 ಮೆಗಾಹರ್ಟ್ಸ್‌ನಿಂದ 1.5 ಗಿಗಾಹರ್ಟ್ಸ್ ವರೆಗೆ. ಐಇಇಇ 299 ಇರುವುದು ಪ್ರತಿ ಬದಿಯೂ 2 ಮೀಟರ್ ಅಥವಾ ಹೆಚ್ಚಿರುವ ಕೋಣೆಗಳಿಗೆ. ಅದಕ್ಕಿಂತ ಚಿಕ್ಕ ಪೆಟ್ಟಿಗೆಗಳಿಗೆ 299.1. ಹಾಳೆಯ ತುಂಡಿನ ಅಂಕಿಯನ್ನು ಪೆಟ್ಟಿಗೆಗೆ ಅಂಟಿಸುವುದು ಗಿರಾಕಿಗೆ ಮಾಡುವ ಅನ್ಯಾಯ. ಸಿಸ್ಪರ್ 32ರಂಥ ಮಾನದಂಡವಾದರೋ ಪೆಟ್ಟಿಗೆ ಎಷ್ಟು ಡೆಸಿಬಲ್ ತಡೆಯುತ್ತದೆ ಎಂದು ಕೇಳುವುದೇ ಇಲ್ಲ. ಉಪಕರಣದಿಂದ ಹೊರಬರುವ ಸದ್ದು ಮಿತಿಯೊಳಗಿದೆಯೇ ಎಂಬುದಷ್ಟೇ ಅದಕ್ಕೆ ಬೇಕು.

ಆ ಸದ್ದಿಗೆ ಕೇಬಲ್ಲೂ ಒಂದು ದಾರಿ. ಶೀಲ್ಡ್‌ನ ಹೆಣಿಗೆಯನ್ನು ಜಡೆಯಂತೆ ತಿರುಚಿ, ಒಳಗೆ ಎಲ್ಲೋ ಒಂದು ಸ್ಕ್ರೂಗೆ ಸಿಕ್ಕಿಸಿದರೆ ಎತ್ತರದ ಆವರ್ತನದಲ್ಲಿ ಅದು ಹೆಚ್ಚು ಕೆಲಸಕ್ಕೆ ಬಾರದು. ಕೇಬಲ್ ಗೋಡೆ ದಾಟುವ ಜಾಗದಲ್ಲೇ ಸುತ್ತಲೂ ಕ್ಲ್ಯಾಂಪ್ ಹಿಡಿಯಬೇಕು, ಆ ಕ್ಲ್ಯಾಂಪಿನ ಅಡಿಯಲ್ಲೂ ಬಣ್ಣ ಇರಬಾರದು.